ಹಂಚಿದ ಟೇಪು ಉಳಿಯಿತು

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯ ಅಟ್ಟದ ಮೇಲೆ ಒಂದು ಡಬ್ಬ ಇರುತ್ತೆ. ಬಿಸ್ಕತ್ತಿನ ಹಳೇ ತಗಡಿನ ಡಬ್ಬ. ಅದರ ತುಂಬ ಕ್ಯಾಸೆಟ್. ಅಜ್ಜಿ ಹೇಳಿದ ಹಸೆ ಹಾಡು, ಯಾರೋ ಬಯಲಲ್ಲಿ ಕೂತು ಹಿಡಿದ ಯಕ್ಷಗಾನ, ಹೆಸರು ಬರೆಯದ ನಾಲ್ಕಾರು. ಇವತ್ತು ನಾನು ಮಾತಾಡುವುದು ಅಮೆರಿಕದ ಒಂದು ರಾಕ್ ತಂಡದ ಬಗ್ಗೆ. ಆದರೆ ನನ್ನ ಕಣ್ಣ ಮುಂದೆ ಇರುವವರು ಆ ಡಬ್ಬದ ಯಜಮಾನರು, ಅಂದರೆ ನೀವು.

ನನ್ನದು ಒಂದೇ ಮಾತು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಾನು ಎಲ್ಲೆಲ್ಲಿಗೋ ಹೋಗುವವನು. ಬಚ್ಚಿಟ್ಟ ಟೇಪು ಹಾಳಾಗುತ್ತೆ. ಹಂಚಿದ ಟೇಪು ಉಳಿಯುತ್ತೆ.

ತಂಡದ ಹೆಸರು ಗ್ರೇಟ್‌ಫುಲ್ ಡೆಡ್. ಹೆಸರು ಕೇಳಿ ಗಾಬರಿಯಾಗಬೇಡಿ. ನಿಘಂಟು ತೆರೆದಾಗ ಕಣ್ಣಿಗೆ ಬಿದ್ದದ್ದನ್ನೇ ಇಟ್ಟುಕೊಂಡರು, ಅಷ್ಟೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಹುಟ್ಟಿದ ತಂಡ. ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರ ಆಗಸ್ಟ್‌ನಲ್ಲಿ ತೀರಿಕೊಂಡ ಮೇಲೆ ನಿಂತಿತು. ಆ ಮೂವತ್ತು ವರ್ಷದಲ್ಲಿ ಸುಮಾರು 2300 ಕಚೇರಿ ಕೊಟ್ಟರು. ಒಂದು ರಾತ್ರಿ ನುಡಿಸಿದ್ದನ್ನು ಇನ್ನೊಂದು ರಾತ್ರಿ ನುಡಿಸಿದವರಲ್ಲ. ಹಾಡು ಅದೇ ಇರುತ್ತಿತ್ತು, ಅದರ ಒಳಗೆ ಹೊಕ್ಕು ಹೊರಬರುವ ದಾರಿ ಮಾತ್ರ ಬೇರೆ. ಇದಕ್ಕೆ ಅವರ ಕಡೆ ಜಾಮ್ ಅನ್ನುತ್ತಾರೆ. ನಮ್ಮ ಸಿಲ್ಕ್ ಬೋರ್ಡ್ ಜಾಮ್ ಅಲ್ಲ! ಅವರದು ಮುಂದಕ್ಕೆ ಹೋಗುತ್ತೆ.

ಡಾರ್ಕ್ ಸ್ಟಾರ್ ಅಂತ ಅವರ ಒಂದು ಹಾಡಿದೆ. 1968ರಲ್ಲಿ ಚಿಕ್ಕ ರೆಕಾರ್ಡಾಗಿ ಬಂದಾಗ ಮೂರು ನಿಮಿಷವೂ ಇರಲಿಲ್ಲ. ಮರುವರ್ಷ ಕಚೇರಿಯ ಧ್ವನಿಮುದ್ರಣ ಬಂತು. ಅದರಲ್ಲಿ ಅದೇ ಹಾಡು 23 ನಿಮಿಷ. ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ಅದೇ. ಸಂಗೀತ ಕಚೇರಿ ಕೇಳುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ. ನಿನ್ನೆಯ ಯಮನ್ ಇವತ್ತು ಸಿಗುವುದಿಲ್ಲ. ಆ ರಾತ್ರಿ ಯಾರೂ ಹಿಡಿದಿಡದಿದ್ದರೆ ಹೋಯಿತು, ಗಾಳಿಗೆ ಹೋಯಿತು.

ಹಿಡಿದಿಡಲು ಶುರು ಮಾಡಿದವನು ಅವರ ಧ್ವನಿ ತಂತ್ರಜ್ಞ, ಔಸ್ಲಿ ಸ್ಟ್ಯಾನ್ಲಿ. ಎಲ್ಲರೂ ಕರಡಿ ಅಂತಲೇ ಕರೆಯುತ್ತಿದ್ದರು. ಆತನಿಗೆ ಇನ್ನೊಂದು ಕಸುಬೂ ಇತ್ತು, ಅದು ಬಾನುಲಿಯಲ್ಲಿ ಹೇಳುವಂಥದ್ದಲ್ಲ. ಮುಂದಿನ ಪೀಳಿಗೆಗೆ ಅಂತ ಆತ ರೆಕಾರ್ಡ್ ಮಾಡಲಿಲ್ಲ. ಇವತ್ತು ನನ್ನ ಕೆಲಸ ಹೇಗಿತ್ತು, ಎಲ್ಲಿ ಕೆಟ್ಟಿತು ಅಂತ ತಿಳಿಯಲು ಮಾಡಿದ. ನಾವು ಮನೆ ಖರ್ಚು ಬರೆದಿಡುತ್ತೇವಲ್ಲ, ಹಾಗೆ.

ಕೇಳಲು ಬಂದವರೂ ಸುಮ್ನೆ ಇರಲಿಲ್ಲ. ಕೋಟಿನೊಳಗೆ ಮೈಕ್ ಅಡಗಿಸಿ ತಂದರು. ಬೇರೆ ತಂಡಗಳು ಇಂಥವರನ್ನು ಹಿಡಿದು ಹೊರಗೆ ಹಾಕುತ್ತಿದ್ದವು. ಇವರು ನೋಡೀ ನೋಡದ ಹಾಗೆ ಇದ್ದರು. ನಾವು ನುಡಿಸಿ ಆಯಿತು, ಇನ್ನು ಅದು ಕೇಳಿದವರದು ಅನ್ನುವುದು ಗಾರ್ಸಿಯಾ ಅವರ ಧೋರಣೆ. ಕೊನೆಗೆ ಮೈಕ್ ಸ್ಟ್ಯಾಂಡುಗಳು ಎಷ್ಟು ಹೆಚ್ಚಿದವು ಅಂದರೆ, ಧ್ವನಿ ನೋಡಿಕೊಳ್ಳುವವರಿಗೆ ವೇದಿಕೆಯೇ ಕಾಣದು. 1984ರ ಅಕ್ಟೋಬರ್‌ನಲ್ಲಿ, ಬರ್ಕ್ಲಿಯ ಕಚೇರಿಗಳಿಂದ, ರೆಕಾರ್ಡ್ ಮಾಡುವವರಿಗೇ ಬೇರೆ ಟಿಕೆಟ್ಟು, ಬೇರೆ ಜಾಗ ಕೊಟ್ಟರು. ಧ್ವನಿ ಹೊಂದಿಸುವ ಮಿಕ್ಸರ್ ಮೇಜಿನ ಹಿಂದೆ ಕೂತು ಮಾಡಿಕೊಳ್ಳಿ ಅಂದರು. ಒಂದೇ ಕಟ್ಟಳೆ, ಮಾರಬಾರದು. ನೀವು ಖಾಲಿ ಕ್ಯಾಸೆಟ್ಟೂ ಅಂಚೆ ಖರ್ಚೂ ಕಳಿಸಿ, ನಾನು ಪ್ರತಿ ಮಾಡಿ ಕಳಿಸುತ್ತೇನೆ ಅಂತ ಅಭಿಮಾನಿಗಳು ಒಬ್ಬರಿಗೊಬ್ಬರು ಹೇಳಿಕೊಂಡರು. ಹೀಗೆ ಊರಿಂದೂರಿಗೆ ಹರಡಿತು.

ಪ್ರತಿಯ ಪ್ರತಿ ಮಾಡಿದಷ್ಟೂ ಸುಯ್ ಅನ್ನುವ ಸದ್ದು ಜಾಸ್ತಿಯಾಗುತ್ತೆ, ಜೆರಾಕ್ಸಿನ ಜೆರಾಕ್ಸ್ ಮಸುಕಾದ ಹಾಗೆ. ಆಗಲಿ ಬಿಡಿ. ಮಸುಕಾಗಿದ್ದರೂ ಇದೆಯಲ್ಲ!

ಈಗ ನನಗೆ ತುಂಬ ಇಷ್ಟವಾದ ಕತೆಗೆ ಬರುತ್ತೇನೆ. ಬೆಟ್ಟಿ ಕ್ಯಾಂಟರ್ ಜಾಕ್ಸನ್ ಅಂತ ಒಬ್ಬ ಹೆಣ್ಣುಮಗಳು ಈ ತಂಡದ ಧ್ವನಿಮುದ್ರಣ ಮಾಡುತ್ತಿದ್ದರು. ಆ ಕಾಲದಲ್ಲಿ ಸ್ಪೂಲ್, ಅಂದರೆ ದೊಡ್ಡ ಸುರುಳಿ ಟೇಪಿನ ಯಂತ್ರದ ಮುಂದೆ ಹೆಂಗಸರು ಕೂರುತ್ತಿದ್ದದ್ದೇ ಅಪರೂಪ. ನಾನೂ ಮೂವತ್ತು ವರ್ಷ ಸ್ಪೂಲ್ ತಿರುಗಿಸಿದವನು, ಈಕೆಯ ಕೆಲಸ ಕೇಳಿದರೆ ಈಗಲೂ ಹೊಟ್ಟೆಕಿಚ್ಚಾಗುತ್ತೆ. ಯಾಕೆ ಅಂತ ಸ್ವಲ್ಪ ಕೇಳಿ. ಸಭಾಂಗಣಕ್ಕೆ ಹೋಗುವ ಧ್ವನಿಯನ್ನೇ ಟೇಪಿಗೆ ಹಾಕಿದರೆ ಅದು ಸರಿಯಿರುವುದಿಲ್ಲ. ಗಿಟಾರು, ಡ್ರಮ್ಮು ವೇದಿಕೆಯಿಂದಲೇ ಜೋರಾಗಿ ಕೇಳುತ್ತವೆ. ಹಾಗಾಗಿ ಸ್ಪೀಕರಿಗೆ ಅವನ್ನು ಕಡಿಮೆ ಬಿಟ್ಟು, ಹಾಡುವ ಗಂಟಲನ್ನು ಜಾಸ್ತಿ ಬಿಡುತ್ತಾರೆ. ಟೇಪಿನಲ್ಲಿ ಕೇಳಿದರೆ ಒಬ್ಬ ಕಿರುಚುತ್ತಿದ್ದಾನೆ, ಮಿಕ್ಕವರು ಪಕ್ಕದ ಬೀದಿಯಲ್ಲಿದ್ದಾರೆ. ಬೆಟ್ಟಿ ಹಾಗೆ ಮಾಡಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಟೇಪಿಗೆ ಅಂತಲೇ ಬೇರೆ ಮಿಕ್ಸ್ ಮಾಡಿದರು. ಅದೂ ಆ ಕ್ಷಣದಲ್ಲೇ, ನೇರ ಎರಡು ಟ್ರ್ಯಾಕಿಗೆ. ತಪ್ಪಿದರೆ ತಿದ್ದಲು ಬರುವುದಿಲ್ಲ.

1977ರ ಮೇ 8, ಭಾನುವಾರ. ನ್ಯೂಯಾರ್ಕ್ ರಾಜ್ಯದ ಇಥಾಕಾ ಊರು, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಸಂಗೀತಕ್ಕೆ ಅಂತ ಕಟ್ಟಿದ ಜಾಗವೇ ಅಲ್ಲ, ಕ್ರೀಡೆ ಕವಾಯತಿನ ದೊಡ್ಡ ಶೆಡ್ಡು. ಹೊರಗೆ ಮೇ ತಿಂಗಳಲ್ಲಿ ಹಿಮ ಬೀಳುತ್ತಿತ್ತು. ಒಳಗೆ ಇವರು ನುಡಿಸಿದರು, ಬೆಟ್ಟಿ ಸ್ಪೂಲ್ ಹಾಕಿದರು. ನುಡಿಸಿದವರ ಪಾಲಿಗೆ ಅದು ದಂಡಯಾತ್ರೆಯ ಇನ್ನೊಂದು ರಾತ್ರಿ. ಪೆಟ್ಟಿಗೆ ಕಟ್ಟಿ ಮುಂದಿನ ಊರಿಗೆ ಹೊರಟರು.

ವರ್ಷಗಳು ಕಳೆದವು. ಬೆಟ್ಟಿ ಅವರಿಗೂ ತಂಡಕ್ಕೂ ನಂಟು ಬಿಟ್ಟಿತು. ಕಷ್ಟ ಬಂತು. ಮನೆ ಸಾಮಾನಿನ ಜೊತೆ ಸ್ಪೂಲುಗಳನ್ನೂ ಬಾಡಿಗೆಯ ಗೋದಾಮಿನಲ್ಲಿಟ್ಟರು. ಬಾಡಿಗೆ ಕಟ್ಟಲು ಆಗಲಿಲ್ಲ. 1986ರಲ್ಲಿ ಗೋದಾಮಿನವರು ಎಲ್ಲವನ್ನೂ ಹರಾಜು ಹಾಕಿದರು. ಸಾವಿರಕ್ಕೂ ಮಿಕ್ಕಿದ ಸ್ಪೂಲುಗಳು, ನೆನಪಿರಲಿ. ಬೇರೆ ಬೇರೆಯವರು ಕೊಂಡುಹೋದರು. ಕೆಲವು ತೇವದ ಜಾಗದಲ್ಲಿ ಬಿದ್ದು ಬೂಷ್ಟು ಹಿಡಿದವು.

ಬಚ್ಚಿಟ್ಟ ಟೇಪು ಹಾಳಾಗುತ್ತೆ ಅಂದೆನಲ್ಲ? ಆದರೆ ಆ ಸ್ಪೂಲುಗಳಲ್ಲಿ ಒಂದಷ್ಟು ಅಭಿಮಾನಿಗಳ ಕೈಗೆ ಸಿಕ್ಕವು. ಅವರು ಒರೆಸಿ, ನುಡಿಸಿ, ಪ್ರತಿ ಮಾಡಿ, ಹಂಚಿಬಿಟ್ಟರು. ಕಾರ್ನೆಲ್ಲಿನ ಆ ರಾತ್ರಿ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಮನೆಮಾತಾಯಿತು. ಇಂಥ ಟೇಪುಗಳಿಗೆ ಬೆಟ್ಟಿ ಬೋರ್ಡ್ಸ್ ಅಂತಲೇ ಹೆಸರು ಬಿತ್ತು, ಬೋರ್ಡ್ ಅಂದರೆ ಮಿಕ್ಸರ್ ಮೇಜು. ಅಮೆರಿಕದ ಸಂಸತ್ತಿನ ಗ್ರಂಥಾಲಯ ಜೋಪಾನ ಮಾಡಬೇಕಾದ ಧ್ವನಿಮುದ್ರಣಗಳ ಪಟ್ಟಿ ಮಾಡುತ್ತೆ. ಅದರ 2011ರ ಸಾಲಿನಲ್ಲಿ ಈ ಕಚೇರಿಯನ್ನು ಸೇರಿಸಿದರು. ತಮಾಷೆ ನೋಡಿ, ಆಗ ಈ ಕಚೇರಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ತಂಡದ ಉಗ್ರಾಣದಲ್ಲಿ ಮೂಲ ಸ್ಪೂಲೂ ಇರಲಿಲ್ಲ. ದೇಶದ ಆಸ್ತಿ ಅನ್ನಿಸಿಕೊಂಡದ್ದು ಕೈಯಿಂದ ಕೈಗೆ ಹೋದ ಪ್ರತಿಗಳಿಂದ! ಆಮೇಲೆ ಮೂಲ ಸ್ಪೂಲು ವಾಪಸ್ ಬಂದು, ಅಧಿಕೃತವಾಗಿ ಹೊರಬಂದದ್ದು 2017ರಲ್ಲಿ. ಕಚೇರಿ ನಡೆದು ನಲವತ್ತು ವರ್ಷಕ್ಕೆ.

ನನ್ನ ಹತ್ತಿರ ಒಬ್ಬರು ಬಂದಿದ್ದರು. ಸೋದರಮಾವ ಹಾಡಿದ ದೇವರನಾಮಗಳ ಕ್ಯಾಸೆಟ್ಟುಗಳು. ಇಪ್ಪತ್ತು ವರ್ಷ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಯಾರು ಕೇಳಿದರೂ ಕೊಟ್ಟಿರಲಿಲ್ಲ, ಕೆಡಿಸಿಬಿಡುತ್ತಾರೆ ಅಂತ. ಒಂದರಲ್ಲೂ ಧ್ವನಿ ಬರಲಿಲ್ಲ. ನಾನು ಏನು ಮಾಡಲಿ ಹೇಳಿ. ಕೋಪ ಬಂತು. ಅವರ ಮುಖ ನೋಡಿ ಕಾಫಿ ಕೊಟ್ಟು ಕಳಿಸಿದೆ.

ಸ್ಟುಡಿಯೋ ಗಾಜಿನ ಆಚೆಯಿಂದ ಹೊತ್ತಾಯಿತು ಅಂತ ಕೈ ತೋರಿಸುತ್ತಿದ್ದಾರೆ. ಮಿಕ್ಕದ್ದನ್ನು ಓಡಿಸುತ್ತೇನೆ. ಡಿಕ್ ಲಾಟ್‌ವಾಲಾ ಅಂತ ಒಬ್ಬ ಅಭಿಮಾನಿ ಹವಾಯಿಯಲ್ಲಿ ಕೂತು ಟೇಪು ಕೂಡಿಹಾಕುತ್ತಿದ್ದ, ಹಂಚುತ್ತಿದ್ದ. ಅವನನ್ನೇ ತಂಡದವರು ತಮ್ಮ ಉಗ್ರಾಣಕ್ಕೆ ಇಟ್ಟುಕೊಂಡರು. 1993ರಿಂದ ಅವನು ಆರಿಸಿದ ಕಚೇರಿಗಳು ಅವನ ಹೆಸರಿನಲ್ಲೇ ಬಂದವು. ಅವನು 1999ರಲ್ಲಿ ತೀರಿಕೊಂಡ ಮೇಲೂ ಮಾಲಿಕೆ ನಡೆದು 36 ಸಂಪುಟವಾಯಿತು. 1972ರ ಯುರೋಪ್ ಪ್ರವಾಸದ 22 ಕಚೇರಿಗಳನ್ನು 2011ರಲ್ಲಿ 73 ಸಿಡಿಗಳಲ್ಲಿ ತಂದರು. ಅಭಿಮಾನಿಗಳ ಹತ್ತಿರ ಅವುಗಳ ಪ್ರತಿ ಮೊದಲೇ ಇದ್ದವು. ಆದರೂ ಮುಗಿಬಿದ್ದು ಕೊಂಡರು. ಹಂಚಿದರೆ ವ್ಯಾಪಾರ ಹಾಳಾಗುತ್ತೆ ಅನ್ನುವವರು ಇದನ್ನು ಸ್ವಲ್ಪ ನೋಡಲಿ.

ಈ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಮಿಕ್ಕಿ ಹಾರ್ಟ್ ನಮ್ಮ ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಅವರ ಜೊತೆ ತಂದ ಆಲ್ಬಮ್‌ಗೆ ಗ್ರ್ಯಾಮಿ ಬಂತು. ಅದರದ್ದೇ ಒಂದು ಭಾಷಣವಾಗುತ್ತೆ, ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಕೊನೆಗೆ ಒಂದು ಕೆಲಸದ ಮಾತು. ಎಪ್ಪತ್ತು ಎಂಬತ್ತರ ದಶಕದ ಕೆಲವು ಸ್ಪೂಲುಗಳ ಅಂಟು ತೇವ ಕುಡಿದು ಜಿಗಿಜಿಗಿ ಆಗುತ್ತೆ. ನುಡಿಸಲು ಹೋದರೆ ಕೀಚಲು ಸದ್ದು, ಯಂತ್ರದಲ್ಲಿ ಟೇಪು ಓದುವ ಹೆಡ್ಡಿಗೆಲ್ಲ ಮಡ್ಡಿ. ನಾವು ಅವನ್ನು ಸುಮಾರು 50 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತೇವೆ. ಆಮೇಲೆ ಕೆಲವು ವಾರ ಚೆನ್ನಾಗಿ ನುಡಿಯುತ್ತೆ, ಅಷ್ಟರಲ್ಲಿ ಪ್ರತಿ ಮಾಡಿಕೊಳ್ಳಬೇಕು. ಇದು ಸ್ಪೂಲಿಗೆ ಹೇಳಿದ್ದು, ಅದಕ್ಕೆ ಅಂತಲೇ ಇರುವ ಯಂತ್ರದಲ್ಲಿ. ನಿಮ್ಮ ಕ್ಯಾಸೆಟ್ಟಿಗೆ ಇದು ಬೇಡ. ಹೋದ ಸಲ ಒಂದು ಕಡೆ ನಾನು ಇದನ್ನೇ ಹೇಳಿ ಮನೆಗೆ ಬಂದರೆ, ಒಬ್ಬರು ಫೋನ್ ಮಾಡಿದರು. ಕೇಕ್ ಮಾಡುವ ಓವನ್ನಿನಲ್ಲಿ ಇಟ್ಟಿದ್ದೆ ಸಾರ್, ಹಪ್ಪಳದ ಹಾಗೆ ಮುದುಡಿಕೊಂಡಿದೆ, ಈಗ ಏನು ಮಾಡಲಿ ಅಂದರು. ಬೇರೆ ಯಾರ ಹತ್ತಿರವಾದರೂ ಪ್ರತಿ ಇದೆಯಾ ಅಂತ ಕೇಳಿದೆ. ಪುಣ್ಯಕ್ಕೆ ಅವರ ತಂಗಿಯ ಹತ್ತಿರ ಒಂದು ಇತ್ತು.

ನಮಸ್ಕಾರ.