ಕತ್ತಲಲ್ಲಿ ಎಣಿಸಿದ ಮಿಣುಕು

ಕೇಳುಗರಿಗೆ ನಮಸ್ಕಾರ.

ಮೈಮೇಲೆ ಚೂರು ಬಂಗಾರ ಇದ್ದರೆ ಒಮ್ಮೆ ಮುಟ್ಟಿ ನೋಡಿ. ಮೂಗುಬೊಟ್ಟೋ, ಓಲೆಯೋ, ಉಂಗುರವೋ. ಗಟ್ಟಿಯಾಗಿದೆ, ಅಲ್ವಾ? ಒಳಗೆ ಎಲ್ಲೂ ಸಂದಿ ಇರಲಾರದು ಅನ್ನಿಸುತ್ತದೆ. ಈ ಬಂಗಾರದ ಅತಿ ಸಣ್ಣ ಕಣ, ಅಂದರೆ ಪರಮಾಣು, ಅದರೊಳಗೆ ಏನಿದೆ ಅಂತ ಕಂಡುಕೊಂಡ ಕತೆ ಇವತ್ತು ಹೇಳಬೇಕು.

1897ರಲ್ಲಿ ಕೇಂಬ್ರಿಡ್ಜಿನ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದರು. ಋಣ ವಿದ್ಯುತ್ತು ಹೊತ್ತ ಪುಟಾಣಿ ಕಣ ಅದು. ಪರಮಾಣುವಿನಲ್ಲಿ ಅದು ಹೇಗೆ ಕೂತಿರಬಹುದು? ರವೆ ಉಂಡೆಯಲ್ಲಿ ದ್ರಾಕ್ಷಿ ಕೂತ ಹಾಗೆ ಅಂತ ಇಟ್ಟುಕೊಳ್ಳಿ. ಉಂಡೆಯ ತುಂಬ ಧನ ವಿದ್ಯುತ್ತು, ನಡುನಡುವೆ ಎಲೆಕ್ಟ್ರಾನು. ಥಾಮ್ಸನ್ನರ ಊಹೆ ಹೆಚ್ಚುಕಮ್ಮಿ ಹೀಗಿತ್ತು.

1909ರಲ್ಲಿ ಮ್ಯಾಂಚೆಸ್ಟರಿನಲ್ಲಿ, ಅರ್ನೆಸ್ಟ್ ರದರ್‌ಫೋರ್ಡರ ಪ್ರಯೋಗಾಲಯದಲ್ಲಿ, ಇಬ್ಬರು ಕತ್ತಲ ಕೋಣೆಯಲ್ಲಿ ಕೂತರು. ಒಬ್ಬರು ಹ್ಯಾನ್ಸ್ ಗೈಗರ್. ಇನ್ನೊಬ್ಬ ಮಾರ್ಸ್‌ಡನ್, 20 ವರ್ಷದ ವಿದ್ಯಾರ್ಥಿ. ಎದುರಿಗೆ ಬಂಗಾರದ ರೇಕು, ಉಸಿರು ತಾಗಿದರೆ ಹರಿಯುವಷ್ಟು ತೆಳು. ಅದರತ್ತ ಆಲ್ಫಾ ಕಣಗಳು, ಅಂದರೆ ರೇಡಿಯಂನಂಥ ವಸ್ತುಗಳಿಂದ ತಾವಾಗಿ ಚಿಮ್ಮುವ ಧನ ವಿದ್ಯುತ್ತಿನ ಕಣಗಳು, ಹಾರುತ್ತವೆ. ಸತುವಿನ ಸಲ್ಫೈಡ್ ಬಳಿದ ಪುಟ್ಟ ಪರದೆಗೆ ಕಣ ಬಡಿದರೆ ಒಂದು ಮಿಣುಕು. ಅಷ್ಟೇ. ಮಿಂಚುಹುಳುವಿಗಿಂತಲೂ ಎಷ್ಟೋ ಮಂಕು. ಕಣ್ಣು ಕತ್ತಲಿಗೆ ಹೊಂದುವ ತನಕ ಸುಮ್ನೆ ಕೂರಬೇಕು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದು, ಎರಡು, ಮೂರು ಅಂತ ಎಣಿಸಬೇಕು. ಯಂತ್ರ ಎಣಿಸುತ್ತಿರಲಿಲ್ಲ, ಕಣ್ಣೇ ಎಣಿಸಬೇಕಿತ್ತು. ಈ ತಾಳ್ಮೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಹೆಚ್ಚಿನ ಕಣಗಳು ರೇಕಿನಲ್ಲಿ ಏನೂ ಇಲ್ಲವೇನೋ ಅನ್ನುವ ಹಾಗೆ ದಾಟಿಹೋದವು. ಆದರೆ ಎಲ್ಲೋ ಒಂದೊಂದು ಬಂದ ದಾರಿಗೇ ವಾಪಸ್ ಹೊರಳಿತು! ಬಂಗಾರದ ಬದಲು ಪ್ಲಾಟಿನಂ ತಗಡಿಟ್ಟು ಎಣಿಸಿದಾಗ ಸುಮಾರು 8,000 ಕಣಕ್ಕೆ ಒಂದು ಹೀಗೆ ಹಿಂದಿರುಗಿತ್ತು. ರವೆ ಉಂಡೆಯಂಥ ಪರಮಾಣು ಇಷ್ಟು ಜೋರಾಗಿ ಹಿಂದಕ್ಕೆ ತಳ್ಳಲಾರದು. ಒಳಗೆ ತೀರ ಚಿಕ್ಕದೊಂದು ಗಟ್ಟಿ ನಡು ಇರಲೇಬೇಕು. 1911ರಲ್ಲಿ ರದರ್‌ಫೋರ್ಡ್ ಇದನ್ನು ಬರೆದು ಪ್ರಕಟಿಸಿದರು. ಅದೇ ನ್ಯೂಕ್ಲಿಯಸ್.

ಎಷ್ಟು ಚಿಕ್ಕದು ಗೊತ್ತಾ? ಬಂಗಾರದ ನ್ಯೂಕ್ಲಿಯಸ್ಸನ್ನು ಒಂದು ರಾಗಿ ಕಾಳು ಅಂದುಕೊಳ್ಳಿ. ಆಗ ಪರಮಾಣು ಸುಮಾರು 30 ಮೀಟರ್ ಅಗಲದ ಗೋಳ. ಒಕ್ಕಣೆ ಕಣದ ನಡುವೆ ಒಂದೇ ಒಂದು ರಾಗಿ ಕಾಳು ಬಿದ್ದ ಹಾಗೆ. ತೂಕದಲ್ಲಿ ಶೇಕಡಾ 99.9ಕ್ಕಿಂತ ಜಾಸ್ತಿ ಆ ಕಾಳಿನಲ್ಲೇ ಇದೆ. ಉಳಿದ ಜಾಗದಲ್ಲೆಲ್ಲ ಹಗುರವಾದ ಎಲೆಕ್ಟ್ರಾನುಗಳದ್ದೇ ಓಡಾಟ. ಪಠ್ಯಪುಸ್ತಕದ ಚಿತ್ರದಲ್ಲಿ ನ್ಯೂಕ್ಲಿಯಸ್ಸು ನಿಂಬೆಹಣ್ಣಿನಷ್ಟು ದಪ್ಪ, ಸುತ್ತ ಬಳೆಯ ಹಾಗೆ ದಾರಿ. ಮಕ್ಕಳಿಗೆ ತೋರಿಸುವಾಗ ಅಳತೆ ಹೀಗಿಲ್ಲ ಅಂತ ದಯವಿಟ್ಟು ಹೇಳಿ. ಎಲೆಕ್ಟ್ರಾನು ಗೆರೆ ಹಿಡಿದು ಸುತ್ತುವುದೂ ಇಲ್ಲ, ಮೋಡದ ಹಾಗೆ ಹರಡಿಕೊಂಡಿರುತ್ತದೆ.

ಆ ಕಾಳಿನೊಳಗೆ ಎರಡು ಬಗೆಯ ಕಣಗಳಿವೆ. ಧನ ವಿದ್ಯುತ್ತಿನ ಪ್ರೋಟಾನ್, ಎಲೆಕ್ಟ್ರಾನಿಗಿಂತ ಸುಮಾರು 1,836 ಪಟ್ಟು ಭಾರ. ಅದಕ್ಕೆ ಆ ಹೆಸರು ಬಂದದ್ದು 1920ರಲ್ಲಿ. ಇನ್ನೊಂದು ವಿದ್ಯುತ್ತೇ ಇಲ್ಲದ ನ್ಯೂಟ್ರಾನ್. 1932ರಲ್ಲಿ ಜೇಮ್ಸ್ ಚಾಡ್ವಿಕ್ ಕಂಡುಹಿಡಿದರು. ಬಂಗಾರದಲ್ಲಿ 79 ಪ್ರೋಟಾನ್, 118 ನ್ಯೂಟ್ರಾನ್. ಒಂದು ಪ್ರೋಟಾನ್ ಜಾಸ್ತಿಯಾದರೆ ಅದು ಪಾದರಸ, ಒಂದು ಕಡಿಮೆಯಾದರೆ ಪ್ಲಾಟಿನಂ. ಬಂಗಾರವನ್ನು ಬಂಗಾರ ಮಾಡುವುದು ಆ 79 ಅನ್ನುವ ಲೆಕ್ಕವೇ. ಒಂದನ್ನೊಂದು ದೂರ ತಳ್ಳುವ ಅಷ್ಟೂ ಪ್ರೋಟಾನುಗಳನ್ನು ಒಟ್ಟಿಗೆ ಹಿಡಿದಿಡುವ ಇನ್ನೊಂದು ಬಲ ಅಲ್ಲಿದೆ. ಅದು ತೀರ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಕಣಗಳ ಈ ಹುಡುಕಾಟ ನಮ್ಮ ಬಂಗಾರದ ನಾಡಿಗೂ ಬಂತು. 1965ರಲ್ಲಿ ಕೋಲಾರದ ಗಣಿಯ ಕತ್ತಲಲ್ಲಿ, ನೆಲದಿಂದ 2 ಕಿಲೋಮೀಟರಿಗೂ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರ ಜೊತೆ ನ್ಯೂಟ್ರಿನೋಗಾಗಿ ಕಾದರು. ಭೂಮಿಯನ್ನೇ ತೂರಿಹೋಗಬಲ್ಲ ಕಣ ಅದು. ಅದು ಬಂಡೆಗೆ ತಾಗುವುದು ಬಲು ಅಪರೂಪ. ತಾಗಿದಾಗ ಅಲ್ಲಿಂದ ಚಿಮ್ಮಿದ ಕಣ ನಿಯಾನ್ ಕೊಳವೆಗಳನ್ನು ಹಾದುಹೋಗುತ್ತಿತ್ತು. ಹಾದುಹೋದ ದಾರಿಯುದ್ದಕ್ಕೂ ಕೊಳವೆಗಳು ಮಿಣುಕುತ್ತಿದ್ದವು.

ನಮಸ್ಕಾರ.