ತಲೆನೋವು ಹೋಯ್ತು, ಲೆಕ್ಕ ತಪ್ಪುತ್ತಿದೆ

ಕೇಳುಗರಿಗೆ ನಮಸ್ಕಾರ.

ಸ್ಟ್ರೋಕ್ ಅಂದರೆ ವಯಸ್ಸಾದವರ ಕಾಯಿಲೆ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಹರೆಯದವರಿಗೆ, ಅದರಲ್ಲೂ ಹೆಂಗಸರಿಗೆ ಹೆಚ್ಚಾಗಿ ಬರುವ ಒಂದು ಬಗೆ ಇದೆ. ಮಿದುಳಿನಿಂದ ರಕ್ತವನ್ನು ವಾಪಸ್ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಡಾಕ್ಟರುಗಳು ಇದನ್ನು ಸೆರೆಬ್ರಲ್ ವೀನಸ್ ಥ್ರಾಂಬೋಸಿಸ್ ಅನ್ನುತ್ತಾರೆ. ಜುಲೈ ಮಳೆಯಲ್ಲಿ ಕಾಫಿ ತೋಟದ ಬಸಿಗಾಲುವೆ ಮುಚ್ಚಿಕೊಂಡರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಹಾಗೇ ಇಲ್ಲೂ ತಲೆಯೊಳಗೆ ಒತ್ತಡ ಏರುತ್ತದೆ. ದಿನದಿಂದ ದಿನಕ್ಕೆ ಬಲಿಯುವ ತಲೆನೋವು, ವಾಂತಿ, ಕಣ್ಣು ಮಂಜು, ಕೆಲವರಿಗೆ ಫಿಟ್ಸ್.

ಬಾಣಂತಿಯರಿಗೆ ಅಪಾಯ ಜಾಸ್ತಿ. ಹೆರಿಗೆಯ ಆಸುಪಾಸಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ನಾವು, ನೀರು ಕುಡಿದರೆ ಹೊಟ್ಟೆ ಬರುತ್ತೆ ಅಂತ ಅವಳ ಕೈಯಿಂದ ಲೋಟ ಕಿತ್ತುಕೊಳ್ಳುತ್ತೇವೆ! ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ ಇನ್ನೂ ಏರುತ್ತದೆ, ಈ ಅಭ್ಯಾಸವೊಂದನ್ನು ಬಿಟ್ಟುಬಿಡಿ. ಗರ್ಭನಿರೋಧಕ ಮಾತ್ರೆ, ರಕ್ತಹೀನತೆ, ಕಿವಿಯ ಸೋಂಕಿನಿಂದಲೂ ಈ ಕಾಯಿಲೆ ಬರಬಹುದು. ಮಾಮೂಲಿ ಸಿ.ಟಿ. ಸ್ಕ್ಯಾನಿನಲ್ಲಿ ಕಾಣದೇ ಹೋಗಬಹುದು. ಆಗ ನಾಳಗಳನ್ನೇ ತೋರಿಸುವ ವೆನೋಗ್ರಾಮ್ ಬೇಕು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಇದೆ. ಮೊದಲು ಹೆಪಾರಿನ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. 2004ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ 624 ರೋಗಿಗಳಿದ್ದರು. ಸುಮಾರು ಶೇಕಡಾ 79ರಷ್ಟು ಜನ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಗುಣವಾದರು. ಸಂತೋಷದ ಸುದ್ದಿಯೇ. ಆದರೆ ಗುಣವಾದರು ಅಂತ ತೀರ್ಮಾನಿಸಲು ಬಳಸಿದ ಅಳತೆ ನೋಡುವುದು ಮುಖ್ಯವಾಗಿ ಓಡಾಟ ಮತ್ತು ದಿನದ ಕೆಲಸ. ತಲೆ ಎಷ್ಟು ಚುರುಕಾಗಿದೆ ಅನ್ನುವುದು ಅದರಲ್ಲಿ ಸರಿಯಾಗಿ ಸಿಗುವುದಿಲ್ಲ.

ಈ ಕಾಯಿಲೆಯಿಂದ ಗುಣವಾಗಿ ಬಂದ, ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡುವ ಹೆಣ್ಣುಮಗಳೊಬ್ಬಳನ್ನು ನೆನೆಸಿಕೊಳ್ಳಿ. ಸಂಜೆ ಕಾಫಿ ಹಣ್ಣಿನ ಚೀಲಗಳು ತಕ್ಕಡಿಗೆ ಬರುತ್ತವೆ. ಮೊದಲು ನಾಲ್ಕು ಜನ ಒಟ್ಟಿಗೆ ಕೂಗಿದರೂ ಹೆಸರು, ಕಿಲೋ ಎರಡನ್ನೂ ತಪ್ಪಿಲ್ಲದೆ ಬರೆಯುತ್ತಿದ್ದಳು. ಈಗ ಯಾರಾದರೂ ನಡುವೆ ಮಾತಾಡಿಸಿದರೆ ಸಾಕು, ಪೆನ್ನು ನಿಲ್ಲುತ್ತದೆ. "ಎಷ್ಟು ಹೇಳಿದ್ರಿ?" ಅಂತ ಮತ್ತೆ ಕೇಳಬೇಕು. ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಸುಸ್ತು. ಗಮನ, ನೆನಪು, ಯೋಚನೆಯ ವೇಗ, ಒಂದಾದ ಮೇಲೊಂದು ಕೆಲಸ ಜೋಡಿಸುವುದು, ಇವೇ ಕುಗ್ಗಿರಬಹುದು. ಮಿದುಳಿನ ಆಳದ ನಾಳ ಕಟ್ಟಿಕೊಂಡಿದ್ದರೆ ನೆನಪಿನ ತೊಂದರೆ ಇನ್ನೂ ಜಾಸ್ತಿ. ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ಮನೆಯವರು "ಸುಮ್ನೆ ನಾಟಕ" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ತಪಾಸಣೆಗೆ ಹೋದಾಗ ತಲೆನೋವಿನ ಜೊತೆ ಇದನ್ನೂ ಹೇಳಿ. ನೆನಪು, ಗಮನ ಅಳೆಯುವ ಪರೀಕ್ಷೆಗಳಿವೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ಖಿನ್ನತೆ ಇದ್ದರೆ ಅದಕ್ಕೂ ಚಿಕಿತ್ಸೆ ಇದೆ. ಅಲ್ಲಿಯವರೆಗೆ ತೂಕ ಕೂಗುವವರು ಒಬ್ಬೊಬ್ಬರಾಗಿ ಕೂಗಲಿ, ನಡುನಡುವೆ ಅವಳಿಗೆ ಸ್ವಲ್ಪ ಬಿಡುವು ಸಿಗಲಿ.

ಹಾಂ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪು ತಿನ್ನುವುದನ್ನು ಒಮ್ಮೆಲೇ ಏರಿಸಬಾರದು, ಇಳಿಸಲೂಬಾರದು. ಕೊಡಗಿನಲ್ಲಿ ಮಳೆಗಾಲದ ಕಕ್ಕಡ ತಿಂಗಳಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸಕ್ಕೆ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ.