ಕತಾರ್ ದಿಗ್ಬಂಧನ: ಕಡಿದದ್ದೇನು, ಉಳಿದದ್ದೇನು

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಏಷ್ಯಾದಲ್ಲಿ ಯಾರು ಯಾರ ಕಡೆಗೆ ವಾಲುತ್ತಿದ್ದಾರೆ ಎಂದು ತಿಳಿಯಲು ನಾಯಕರ ಹೇಳಿಕೆಗಳು ಸಾಲವು. ಬಂದರು, ವಿಮಾನ ಮಾರ್ಗ, ಅನಿಲದ ಕೊಳವೆಗಳನ್ನು ನೋಡಬೇಕು. ಕತಾರ್ ದಿಗ್ಬಂಧನದಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹರೇನ್ ಮತ್ತು ಈಜಿಪ್ಟ್ ಕತಾರ್ ಜೊತೆಗಿನ ಸಂಬಂಧ ಕಡಿದುಕೊಂಡವು. ಕತಾರ್‌ಗೆ ಇರುವುದು ಒಂದೇ ಭೂಗಡಿ, ಸೌದಿಯದು. ಆಮದಾಗುವ ಆಹಾರದಲ್ಲಿ ಸುಮಾರು ಶೇ 40ರಷ್ಟು ಆ ಗಡಿಯಿಂದಲೇ ಲಾರಿಗಳಲ್ಲಿ ಬರುತ್ತಿತ್ತು. ಹಡಗಿನ ಸರಕಿನ ದೊಡ್ಡ ಪಾಲು ದುಬೈನ ಜೆಬೆಲ್ ಅಲಿ ಬಂದರಿನಲ್ಲಿ ಇಳಿದು, ಬೇರೆ ಹಡಗು ಹತ್ತಿ ದೋಹಾ ಸೇರುತ್ತಿತ್ತು. ಎರಡೂ ದಾರಿ ಒಟ್ಟಿಗೇ ಮುಚ್ಚಿದವು. ದೋಹಾದಲ್ಲಿ ದುಡಿಯುವ ನಮ್ಮ ಕರಾವಳಿಯವರ ಮನೆಗಳಿಗೆ ಈ ಸುದ್ದಿ ಬರೀ ವಿದೇಶಿ ಸುದ್ದಿಯಾಗಿರಲಿಲ್ಲ.

ಆಕಾಶದ ವಿಷಯ ಇನ್ನೂ ಸೂಕ್ಷ್ಮ. ಕತಾರ್‌ಗೆ ಆಗ ತನ್ನದೇ ವಾಯು ಸಂಚಾರ ವಲಯ, ಅಂದರೆ ವಿಮಾನಗಳ ಓಡಾಟವನ್ನು ತಾನೇ ನಿಯಂತ್ರಿಸುವ ಆಕಾಶದ ಭಾಗ, ಇರಲಿಲ್ಲ. ದೋಹಾದ ಸುತ್ತಲಿನ ಆಕಾಶ ಬಹರೇನ್‌ನ ವಲಯಕ್ಕೆ ಸೇರಿತ್ತು. ನೆರೆಯವರು ದಾರಿ ಕೊಡದಿದ್ದಾಗ ಕತಾರ್‌ನ ವಿಮಾನಗಳಿಗೆ ಇರಾನ್‌ನ ಆಕಾಶವೇ ಗತಿಯಾಯಿತು. ಆಫ್ರಿಕಾಕ್ಕೆ ಹೋಗುವವು ಸುತ್ತು ಬಳಸಿ ಹೋದವು. ಇಂಧನ ಹೆಚ್ಚು ಸುಟ್ಟಿತು, ಹಾರಾಟದ ಶುಲ್ಕ ಟೆಹರಾನ್‌ನ ಬೊಕ್ಕಸಕ್ಕೆ ಹೋಯಿತು. ದಿಗ್ಬಂಧನ ಹೇರಿದವರ 13 ಬೇಡಿಕೆಗಳಲ್ಲಿ ಒಂದು, ಇರಾನ್ ಜೊತೆಗಿನ ನಂಟು ಮೊಟಕುಗೊಳಿಸಬೇಕು ಎನ್ನುವುದು! ಆಗಸ್ಟ್‌ನಲ್ಲಿ ಕತಾರ್ ತನ್ನ ರಾಯಭಾರಿಯನ್ನು ಟೆಹರಾನ್‌ಗೆ ಮರಳಿ ಕಳಿಸಿತು.

ಕತಾರ್‌ನಲ್ಲಿರುವ ಟರ್ಕಿಯ ಸೇನಾ ನೆಲೆ ಮುಚ್ಚಬೇಕೆಂಬುದು ಮತ್ತೊಂದು ಬೇಡಿಕೆ. ಅದು ಕೈಸೇರುವ ಮೊದಲೇ, ಜೂನ್ 7ರಂದು, ಟರ್ಕಿಯ ಸಂಸತ್ತು ಕತಾರ್‌ಗೆ ಸೈನಿಕರನ್ನು ಕಳಿಸಲು ಒಪ್ಪಿಗೆ ಕೊಟ್ಟಿತ್ತು. ಒಮಾನ್ ಯಾರ ಪರವೂ ನಿಲ್ಲದೆ ಸೊಹಾರ್, ಸಲಾಲಾ ಬಂದರುಗಳನ್ನು ತೆರೆದಿಟ್ಟಿತು. ಭಾರತದ ಮುಂದ್ರಾ, ನಾವಾ ಶೇವಾಗಳಿಂದ ಕತಾರ್‌ನ ಹಮದ್ ಬಂದರಿಗೆ ನೇರ ಹಡಗು ಸೇವೆ ಶುರುವಾಯಿತು. ಹಾಲಿಗಾಗಿ ಕತಾರ್ ಹಸುಗಳನ್ನೇ ವಿಮಾನದಲ್ಲಿ ತರಿಸಿತು.

ನನ್ನ ದೃಷ್ಟಿಯಲ್ಲಿ ಕಡಿಯದೆ ಉಳಿದದ್ದೇ ಹೆಚ್ಚು ಮುಖ್ಯ. ಕತಾರ್‌ನಿಂದ ಸಮುದ್ರದಡಿ ಯುಎಇಗೆ ಹೋಗುವ ಡಾಲ್ಫಿನ್ ಕೊಳವೆಯಲ್ಲಿ ದಿನಕ್ಕೆ ಸುಮಾರು 200 ಕೋಟಿ ಘನ ಅಡಿ ಅನಿಲ ಹರಿಯುತ್ತಲೇ ಇತ್ತು. ನಿಂತರೆ ಯುಎಇಗೆ ವಿದ್ಯುತ್ ಕೊರತೆ, ನಿಲ್ಲಿಸಿದರೆ ನಂಬಿಕಸ್ತ ಮಾರಾಟಗಾರನೆಂಬ ಕತಾರ್‌ನ ಹೆಸರಿಗೆ ಮಸಿ. ಹಾಗಾಗಿ ಎರಡೂ ಕಡೆಯವರು ಅದರ ತಂಟೆಗೆ ಹೋಗಲಿಲ್ಲ.

2021ರ ಜನವರಿ 5ರಂದು ಸೌದಿಯ ಅಲ್-ಉಲಾದಲ್ಲಿ ರಾಜಿಯಾಯಿತು. ಮುಚ್ಚಬೇಕೆಂದು ದಿಗ್ಬಂಧನ ಹೇರಿದವರು ಕೇಳಿದ್ದ ಕತಾರ್‌ನ ಸುದ್ದಿವಾಹಿನಿ ಅಲ್ ಜಜೀರಾ ಮುಚ್ಚಲಿಲ್ಲ, ಟರ್ಕಿಯ ಸೈನಿಕರೂ ಹೋಗಲಿಲ್ಲ. ಕತಾರ್ ಮತ್ತೆ ಹಳೆಯ ಪರಾವಲಂಬನೆಗೆ ಮರಳಲೂ ಇಲ್ಲ: 2022ರ ಸೆಪ್ಟೆಂಬರ್‌ನಲ್ಲಿ ದೋಹಾದ್ದೇ ವಾಯು ಸಂಚಾರ ವಲಯ ಜಾರಿಗೆ ಬಂತು. 2023ರ ಮಾರ್ಚ್ 10ರಂದು ಬೀಜಿಂಗ್‌ನಲ್ಲಿ ಸೌದಿ ಅರೇಬಿಯಾವೇ ಇರಾನ್ ಜೊತೆ ರಾಜತಾಂತ್ರಿಕ ಸಂಬಂಧ ಮರುಸ್ಥಾಪಿಸುವ ಒಪ್ಪಂದಕ್ಕೆ ಸಹಿ ಹಾಕಿತು.